ಮಗುವಿನ ಸಣ್ಣಪುಟ್ಟ ಕಾಯಿಲೆ: ಮನೆಯಲ್ಲಿ ನೋಡಿಕೊಳ್ಳುವ ಕ್ರಮ

ಐದು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ನೆಗಡಿ, ಕೆಮ್ಮು, ಜ್ವರ, ವಾಂತಿ-ಭೇದಿಗಳು ಆಗಾಗ ಬಂದು ಹೋಗುತ್ತಲೇ ಇರುತ್ತವೆ. ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗುವುದು ಆರೋಗ್ಯವಾಗಿರುವ ಮಗುವಿನಲ್ಲೂ ಸಹಜ. ಇತರ ಮಕ್ಕಳೊಂದಿಗೆ ಬೆರೆಯಲು ಆರಂಭಿಸಿದ ಮೊದಲ ವರ್ಷ ಇನ್ನೂ ಹೆಚ್ಚಾಗಬಹುದು. ಇವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರುವಂಥವು, ಔಷಧಿ ಕೊಟ್ಟರೂ ಕೊಡದಿದ್ದರೂ ತಮ್ಮ ಅವಧಿ ಮುಗಿಸಿಯೇ ಹೋಗುವಂಥವು. ಹಾಗಾಗಿ ಆ ನಾಲ್ಕೈದು ದಿನ ಮನೆಯವರ ಪಾಲಿಗೆ ಉಳಿಯುವ ಕೆಲಸ ಮೂರೇ: ಮಗುವಿಗೆ ಸಾಕಷ್ಟು ಕುಡಿಸುವುದು, ಅದರ ಸಂಕಟವನ್ನು ಕಡಿಮೆ ಮಾಡುವುದು, ಕಾಯಿಲೆ ಸಣ್ಣದಾಗಿಯೇ ಉಳಿದಿದೆಯೇ ಎಂದು ಗಮನಿಸುತ್ತಿರುವುದು. ಮೂರನೆಯದೇ ಕಷ್ಟದ್ದು, ಏಕೆಂದರೆ ಮಗುವನ್ನು ನೋಡಿಕೊಳ್ಳುವವರು ಇಬ್ಬರು ಮೂವರಿದ್ದಾಗ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ನೋಡಿರುತ್ತಾರೆ, ಪೂರ್ತಿಯಾಗಿ ಯಾರೂ ನೋಡಿರುವುದಿಲ್ಲ.

ಮುಂದೆ ಹೇಳುವ ಯಾವ ಮನೆಯ ಉಪಚಾರವೂ ಮೂರು ತಿಂಗಳು ತುಂಬದ ಎಳೆಗೂಸಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ಆ ವಯಸ್ಸಿನಲ್ಲಿ ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮಗು ನೋಡಲು ಚೆನ್ನಾಗಿದ್ದರೂ ಅದೇ ಹೊತ್ತಿಗೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನೆಯಲ್ಲಿ ಜ್ವರದ ಔಷಧಿ ಕೊಟ್ಟು ಕಾಯುವಂತಿಲ್ಲ. ಕಂಕುಳಲ್ಲಿ ಅಳೆದರೆ ಸುಮಾರು ಅರ್ಧ ಡಿಗ್ರಿ ಕಡಿಮೆ ತೋರಿಸುವುದರಿಂದ, ಅಷ್ಟು ಎಳೆಯ ಮಗುವಿಗೆ ಕಂಕುಳಲ್ಲಿ 37.5 ಕಂಡರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೂರರಿಂದ ಆರು ತಿಂಗಳ ಮಗುವಿಗೆ 39 ಡಿಗ್ರಿ ಬಂದರೆ ಅದನ್ನೂ ಅಂದೇ ತೋರಿಸಬೇಕು. ಹೃದಯದ ತೊಂದರೆ, ರೋಗನಿರೋಧಕ ಶಕ್ತಿಯ ಕೊರತೆ ಮೊದಲಾದ ದೀರ್ಘಕಾಲದ ಸಮಸ್ಯೆಯಿರುವ ಮಕ್ಕಳಿಗೆ ಅವರನ್ನು ನೋಡುವ ವೈದ್ಯರು ಹೇಳಿದ್ದೇ ಕ್ರಮ.

ಒಬ್ಬರ ಜವಾಬ್ದಾರಿ, ಒಂದು ಪುಸ್ತಕ

ಕಾಯಿಲೆ ಶುರುವಾದ ದಿನವೇ ಒಂದು ಸಣ್ಣ ನೋಟ್‌ಬುಕ್ಕನ್ನು ಔಷಧಿಯ ಪಕ್ಕದಲ್ಲಿ ಇಡಿ. ಮೊದಲ ಪುಟದಲ್ಲಿ ಮಗುವಿನ ಈಗಿನ ತೂಕ, ಮಗುವಿಗೆ ಒಗ್ಗದ ಔಷಧಿಯಿದ್ದರೆ ಅದರ ಹೆಸರು, ತುರ್ತಿಗೆ ಕರೆಯಬೇಕಾದ ಫೋನ್ ನಂಬರುಗಳು ಇರಲಿ. ನಂತರದ ಪುಟಗಳಲ್ಲಿ ಗಂಟೆಯೊಂದಿಗೆ ನಾಲ್ಕೇ ವಿಷಯಗಳನ್ನು ಬರೆದರೆ ಸಾಕು: ಮೈ ಬಿಸಿ ಎಷ್ಟಿತ್ತು, ಯಾವ ಔಷಧಿ ಎಷ್ಟು ಕೊಡಲಾಯಿತು, ಮಗು ಏನು ಎಷ್ಟು ಕುಡಿಯಿತು, ಮೂತ್ರ ಯಾವಾಗ ಹೋಯಿತು. “ರಾತ್ರಿ 2.10, ಕಂಕುಳಲ್ಲಿ 38.9, ಪ್ಯಾರಾಸಿಟಮಾಲ್ 5 ಮಿ.ಲೀ., ಅರ್ಧ ಲೋಟ ನೀರು, ಡಯಾಪರ್ ಒದ್ದೆ” ಎಂಬ ಒಂದು ಸಾಲು ಬೆಳಗ್ಗೆ ಎದ್ದವರು ಹತ್ತು ಪ್ರಶ್ನೆ ಕೇಳುವುದನ್ನು ತಪ್ಪಿಸುತ್ತದೆ. ಮೊಬೈಲಿನಲ್ಲಿ ಬರೆದುಕೊಳ್ಳುವುದಕ್ಕಿಂತ ಕಾಗದವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊಬೈಲು ಅದರ ಯಜಮಾನರ ಜೊತೆ ಕೆಲಸಕ್ಕೆ ಹೊರಟುಹೋಗುತ್ತದೆ, ನೋಟ್‌ಬುಕ್ಕು ಮಗುವಿನ ಹತ್ತಿರವೇ ಇರುತ್ತದೆ.

ಜೊತೆಗೆ, ಯಾವುದೇ ಹೊತ್ತಿನಲ್ಲಿ ಔಷಧಿ ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಬೇಕು. ಪಾಳಿ ಬದಲಾದಾಗ ಆ ಅಧಿಕಾರವೂ ನೋಟ್‌ಬುಕ್ಕಿನೊಂದಿಗೆ ಕೈ ಬದಲಾಗಲಿ. ಸಣ್ಣ ಕಾಯಿಲೆಯಲ್ಲಿ ಮನೆಯೊಳಗೆ ಆಗುವ ದೊಡ್ಡ ಪ್ರಮಾದವೆಂದರೆ, ತಾಯಿ ಕೊಟ್ಟದ್ದು ತಂದೆಗೆ ಗೊತ್ತಿಲ್ಲದೆ, ಅಥವಾ ಇಬ್ಬರೂ ಕೊಟ್ಟದ್ದು ಅಜ್ಜಿಗೆ ಗೊತ್ತಿಲ್ಲದೆ, ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುವುದು. ಇದರಲ್ಲಿ ಯಾರ ಅಜಾಗರೂಕತೆಯೂ ಇರಬೇಕಾಗಿಲ್ಲ. ಎಲ್ಲರಿಗೂ ಕಾಳಜಿಯಿದ್ದರೇ ಹೀಗಾಗುವುದು ಹೆಚ್ಚು.

ಜ್ವರ ಬಂದಾಗ

ಜ್ವರವು ಸೋಂಕಿನ ವಿರುದ್ಧ ದೇಹ ತೋರಿಸುವ ಪ್ರತಿಕ್ರಿಯೆ. ಅದನ್ನು ಇಳಿಸಿದ ಮಾತ್ರಕ್ಕೆ ಕಾಯಿಲೆ ಬೇಗ ಮುಗಿಯುವುದಿಲ್ಲ, ಮತ್ತು ಥರ್ಮಾಮೀಟರಿನ ಅಂಕಿ ದೊಡ್ಡದಾದಷ್ಟೂ ಕಾಯಿಲೆಯೂ ದೊಡ್ಡದು ಎಂಬ ನಿಯಮವೇನೂ ಇಲ್ಲ. 39.2 ಡಿಗ್ರಿಯಲ್ಲೂ ಆಟಿಕೆ ಎಳೆದಾಡುತ್ತ, ಕರೆದರೆ ತಿರುಗಿ ನೋಡುತ್ತ, ಕುಡಿಯುತ್ತಿರುವ ಮಗುವಿಗಿಂತ, 38.2 ಡಿಗ್ರಿಯಲ್ಲೇ ಮಂಕಾಗಿ ಬಿದ್ದುಕೊಂಡು ಯಾವುದಕ್ಕೂ ಸ್ಪಂದಿಸದ ಮಗುವಿನ ಬಗ್ಗೆ ಹೆಚ್ಚು ಚಿಂತಿಸಬೇಕು. ಅಂಗೈಯಿಂದ ಹಣೆ ಮುಟ್ಟಿ ನೋಡಿದರೆ ಜ್ವರವಿದೆಯೋ ಇಲ್ಲವೋ ಎಂಬ ಅಂದಾಜು ಸಿಗಬಹುದು, ಎಷ್ಟು ಎಂಬುದು ಸಿಗುವುದಿಲ್ಲ. ಆದ್ದರಿಂದ ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಅಳೆಯಿರಿ. ಹತ್ತು ನಿಮಿಷಕ್ಕೊಮ್ಮೆ ಅಳೆಯುವುದರಿಂದ ಮಗುವಿನ ನಿದ್ದೆ ಕೆಡುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಔಷಧಿ ಕೊಡುವುದು ಮಗುವಿನ ಸಂಕಟಕ್ಕಾಗಿ. ಮೈಕೈ ನೋವಿನಿಂದ ರಚ್ಚೆ ಹಿಡಿದಿದ್ದರೆ, ಕುಡಿಯಲು ಒಪ್ಪದಿದ್ದರೆ, ನಿದ್ದೆ ಬಾರದಿದ್ದರೆ ಕೊಡಿ. ನೆಮ್ಮದಿಯಾಗಿ ಮಲಗಿರುವ ಮಗುವನ್ನು ಜ್ವರದ ಔಷಧಿಗಾಗಿ ಎಬ್ಬಿಸುವ ಅಗತ್ಯವಿಲ್ಲ. ಪ್ಯಾರಾಸಿಟಮಾಲ್‌ನ ಪ್ರಮಾಣವನ್ನು ವಯಸ್ಸಿಗಿಂತ ತೂಕ ನೋಡಿ ನಿರ್ಧರಿಸುವುದು ಸರಿಯಾದ ಕ್ರಮ: ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆಯ ಅಂತರ, 24 ಗಂಟೆಗಳಲ್ಲಿ 4 ಸಲಕ್ಕಿಂತ ಹೆಚ್ಚಿಲ್ಲ. ಹತ್ತು ಕಿಲೋ ತೂಕದ ಮಗುವಿಗೆ ಇದು ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಆಗುತ್ತದೆ.

ಮಿಲಿಗ್ರಾಮನ್ನು ಮಿಲಿಲೀಟರಿಗೆ ಬದಲಿಸಿಕೊಳ್ಳುವಾಗ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲೇಬೇಕು, ಏಕೆಂದರೆ ಇದೇ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ ಆ ಹತ್ತು ಕಿಲೋ ಮಗುವಿಗೆ 5 ಮಿ.ಲೀ. ಸರಿಹೋಗುತ್ತದೆ, 5 ಮಿ.ಲೀ.ಗೆ 250 ಇರುವುದಾದರೆ ಅದರ ಅರ್ಧ, ಅಂದರೆ 2.5 ಮಿ.ಲೀ. ಸಾಕು, ಎಳೆಮಕ್ಕಳಿಗೆಂದು ಬರುವ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿಲಿಗ್ರಾಂ ಇರುವುದುಂಟು, ಅದನ್ನು ಸಿರಪ್ಪೆಂದು ತಿಳಿದು 5 ಮಿ.ಲೀ. ಕುಡಿಸಿದರೆ ಮಗುವಿಗೆ 500 ಮಿಲಿಗ್ರಾಂ ಹೋಗುತ್ತದೆ, ಅದು ಗರಿಷ್ಠ ಪ್ರಮಾಣದ ಮೂರು ಪಟ್ಟಿಗೂ ಹೆಚ್ಚು. ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಮತ್ತು ಮೊದಲ ದಿನ ಹೊರಗೆ ಏನೂ ಕಾಣಿಸದೆಯೂ ಇರಬಹುದು. ಹಾಗೆ ಆಗಿದೆಯೆಂದು ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಡುಗೆಮನೆಯ ಚಮಚದ ಅಳತೆ ಒಂದರಂತೆ ಒಂದಿರುವುದಿಲ್ಲವಾದ್ದರಿಂದ ಗೆರೆಯಿರುವ ಸಿರಿಂಜನ್ನೋ ಔಷಧಿಯೊಂದಿಗೆ ಬಂದ ಅಳತೆ ಮುಚ್ಚಳವನ್ನೋ ಬಳಸಿ. ನೆಗಡಿಗೆಂದು ಮಾರುವ ಎಷ್ಟೋ ಮಿಶ್ರಣಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ಒಟ್ಟಿಗೆ ಕೊಡುವುದೆಂದರೆ ಒಂದನ್ನೇ ಎರಡು ಸಲ ಕೊಟ್ಟಂತೆ.

ಐಬುಪ್ರೊಫೆನ್ ಇನ್ನೊಂದು ಪರಿಚಿತ ಔಷಧಿ. ಆರು ತಿಂಗಳೊಳಗಿನ ಮಗುವಿಗೆ ವೈದ್ಯರು ಹೇಳದೆ ಅದನ್ನು ಕೊಡಬಾರದು. ವಾಂತಿ-ಭೇದಿಯಿಂದ ನೀರಿನಂಶ ಕಡಿಮೆಯಾಗಿರುವಾಗ, ಸೀತಾಳೆ ಸಿಡುಬು ಬಂದಿರುವಾಗ, ಡೆಂಗಿಯ ಅನುಮಾನವಿರುವಾಗಲೂ ಅದು ಬೇಡ. ಆಸ್ಪಿರಿನ್ ಅನ್ನು 16 ವರ್ಷದೊಳಗಿನವರಿಗೆ ಜ್ವರಕ್ಕೆಂದು ಕೊಡುವಂತೆಯೇ ಇಲ್ಲ, ಏಕೆಂದರೆ ಮಿದುಳು ಮತ್ತು ಯಕೃತ್ತಿಗೆ ಅಪಾಯ ತರುವ ರೇಯ್ ಸಿಂಡ್ರೋಮ್ ಅದರೊಂದಿಗೆ ತಳುಕು ಹಾಕಿಕೊಂಡಿದೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಮಗು ನಡುಗುತ್ತದೆ, ನಡುಕದಿಂದ ಒಳಗಿನ ಬಿಸಿ ಇನ್ನೂ ಏರುತ್ತದೆ. ದಪ್ಪ ಹೊದಿಕೆಯೂ ಬೇಡ. ಒಂದು ಪದರದ ತೆಳು ಬಟ್ಟೆ, ಗಾಳಿಯಾಡುವ ಕೋಣೆ ಸಾಕು.

ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದೊಂದಿಗೆ ಫಿಟ್ಸ್ ಬರಬಹುದು. ನೋಡುವವರ ಎದೆ ನಡುಗಿಸುವ ದೃಶ್ಯವಾದರೂ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಗಡಿಯಾರ ನೋಡಿಕೊಳ್ಳಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಯಾವುದನ್ನೂ ಹಾಕಬಾರದು, ಕೈಕಾಲುಗಳನ್ನು ಬಿಗಿಹಿಡಿಯಬಾರದು. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಬೇಗ ನಿಂತರೂ, ಮೊದಲ ಸಲ ಬಂದದ್ದಾದರೆ ಅಂದೇ ವೈದ್ಯರು ನೋಡಬೇಕು.

ನೆಗಡಿ, ಕೆಮ್ಮು, ಉಸಿರಿನ ಎಣಿಕೆ

ನೆಗಡಿ ವಾರದಿಂದ ಹತ್ತು ದಿನ ಇರುತ್ತದೆ, ಅದರ ಬಾಲದಂತೆ ಬರುವ ಕೆಮ್ಮು ಎರಡು ಮೂರು ವಾರ ಉಳಿದರೂ ಅಸಹಜವಲ್ಲ. ಮೊದಲು ನೀರಿನಂತೆ ಸೋರುವ ಗೊಣ್ಣೆ ಮೂರ್ನಾಲ್ಕು ದಿನಕ್ಕೆ ಗಟ್ಟಿಯಾಗಿ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗುವುದು ಸಾಮಾನ್ಯ ನೆಗಡಿಯಲ್ಲೂ ಇದ್ದದ್ದೇ. ಆ ಬಣ್ಣವನ್ನು ನೋಡಿ ಆಂಟಿಬಯೋಟಿಕ್ ಬೇಕೆಂದು ತೀರ್ಮಾನಿಸಲಾಗದು, ಮತ್ತು ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದೂ ಇಲ್ಲ. ಎಳೆಯ ಮಗುವಿಗೆ ಬಾಯಿಂದ ಉಸಿರಾಡುತ್ತ ಹಾಲು ಕುಡಿಯಲು ಬಾರದು, ಆದ್ದರಿಂದ ಹಾಲೂಡುವ ಮೊದಲು ಮತ್ತು ಮಲಗಿಸುವ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ಹನಿ ಸಲೈನ್ (ಔಷಧಿ ಅಂಗಡಿಯಲ್ಲಿ ಸಿಗುವ, ಮೂಗಿಗೆ ಬಿಡುವ ಉಪ್ಪುನೀರು) ಬಿಟ್ಟು, ಒಂದೆರಡು ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಬಹಳ ಆರಾಮ ಸಿಗುತ್ತದೆ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಲ್ಲಿ ಸಿಗುವ ನೆಗಡಿ-ಕೆಮ್ಮಿನ ಸಿರಪ್‌ಗಳನ್ನು ತಾವಾಗಿ ಕೊಡಬಾರದು. ಅವುಗಳಿಂದ ಉಪಯೋಗವಾಗುವುದು ಅಷ್ಟಕ್ಕಷ್ಟೆ, ಮಂಪರು, ಎದೆಬಡಿತದ ಏರುಪೇರಿನಂಥ ಅಡ್ಡಪರಿಣಾಮಗಳು ಮಾತ್ರ ನಿಜ. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮೊದಲು ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿ ಜೇನೂ ಕೂಡದು, ಅದರಿಂದ ಬಾಟುಲಿಸಂ ಎಂಬ ಗಂಭೀರ ವಿಷಬಾಧೆ ಬರಬಹುದು. ಬಿಸಿನೀರಿನ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಹಬೆ ಹಿಡಿಸುವುದನ್ನು ಬಿಟ್ಟುಬಿಡಿ. ಪಾತ್ರೆ ಮಗುಚಿ ಆಗುವ ಸುಟ್ಟಗಾಯ ನೆಗಡಿಗಿಂತ ಎಷ್ಟೋ ಪಾಲು ದೊಡ್ಡ ಅನಾಹುತ. ಕರ್ಪೂರದ ಅಂಶವಿರುವ ಮುಲಾಮುಗಳನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದು.

ಕೆಮ್ಮಿನ ಸದ್ದಿಗಿಂತ ಉಸಿರಾಟವನ್ನು ನೋಡಲು ಕಲಿಯುವುದು ಹೆಚ್ಚು ಉಪಯುಕ್ತ, ಮತ್ತು ಇದನ್ನು ಮಗು ಆರೋಗ್ಯವಾಗಿರುವಾಗಲೇ ಒಮ್ಮೆ ಅಭ್ಯಾಸ ಮಾಡಿಕೊಂಡಿರುವುದು ಒಳ್ಳೆಯದು. ಮಗು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ, ಬೆಳಕಿನಲ್ಲಿ, ಅಂಗಿಯನ್ನು ಎದೆಯವರೆಗೆ ಮೇಲಕ್ಕೆತ್ತಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಅರವತ್ತು ಸೆಕೆಂಡು ಎಣಿಸಬೇಕು. ಎಳೆಯ ಮಕ್ಕಳು ನಾಲ್ಕು ಉಸಿರು ಬೇಗ ಎಳೆದು ಸ್ವಲ್ಪ ನಿಲ್ಲಿಸುವುದುಂಟಾದ್ದರಿಂದ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಎಣಿಸುವಾಗಲೇ ಪಕ್ಕೆಲುಬುಗಳ ಕೆಳಅಂಚನ್ನೂ ನೋಡಿ: ಉಸಿರು ಒಳಗೆ ಎಳೆದಾಗ ಆ ಭಾಗ ಹೊರಗೆ ಬರುವ ಬದಲು ಒಳಕ್ಕೆ ಗುಳಿಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದ್ದರೆ, ಜ್ವರ ಇರಲಿ ಬಿಡಲಿ, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ವಾಂತಿ ಮತ್ತು ಭೇದಿ

ಇಲ್ಲಿ ಅಪಾಯವಿರುವುದು ದೇಹದಿಂದ ನೀರು ಮತ್ತು ಲವಣ ಹೊರಹೋಗುವುದರಲ್ಲಿ, ಪರಿಹಾರ ಒಆರ್‌ಎಸ್, ಅಂದರೆ ನೀರಿನಲ್ಲಿ ಕರಗಿಸಿ ಕುಡಿಸುವ ಲವಣ-ಸಕ್ಕರೆಯ ಪುಡಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಬೇಕು. ಮಗು ಕುಡಿಯುವುದೇ ಸ್ವಲ್ಪ ಎಂದು ಒಂದು ಲೋಟಕ್ಕೆ ಅಂದಾಜಿನಲ್ಲಿ ಪುಡಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಕೇಡೇ ಆಗುತ್ತದೆ. ಕರಗಿಸಿದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಕುಡಿಸಬೇಕು. ಕುಡಿಸಿದ್ದನ್ನು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಆರಂಭಿಸಿ. ಬಾಯಾರಿದ ಮಗು ಲೋಟವನ್ನೇ ಕಸಿದುಕೊಳ್ಳಲು ನೋಡುತ್ತದೆ, ಗಟಗಟ ಕುಡಿದದ್ದು ಮರುಕ್ಷಣ ಹೊರಗೆ ಬರುತ್ತದೆ. ಇಲ್ಲಿ ಚಮಚ ಹಿಡಿದವರ ತಾಳ್ಮೆಯೇ ಮುಖ್ಯ.

ಎದೆಹಾಲನ್ನು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಮಗುವಿಗೆ ರೂಢಿಯಿರುವ ಆಹಾರವನ್ನೇ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ಸಿಹಿ ಜ್ಯೂಸು, ಸೋಡಾದಂಥ ಪಾನೀಯಗಳು ಭೇದಿಯನ್ನು ಹೆಚ್ಚಿಸುತ್ತವೆ. ಭೇದಿ ನಿಲ್ಲಿಸುವ ಮಾತ್ರೆಗಳು ದೊಡ್ಡವರಿಗೆ ಒಗ್ಗಬಹುದು, ಚಿಕ್ಕ ಮಕ್ಕಳಿಗೆ ಅಪಾಯಕರ. ವೈದ್ಯರು ಸಾಮಾನ್ಯವಾಗಿ 10ರಿಂದ 14 ದಿನ ಸತುವಿನ, ಅಂದರೆ ಜಿಂಕ್‌ನ, ಔಷಧಿ ಬರೆದುಕೊಡುತ್ತಾರೆ. ಭೇದಿ ಮೂರನೇ ದಿನಕ್ಕೇ ನಿಂತರೂ ಅದನ್ನು ಮುಗಿಸಬೇಕು. ಆರೆಂಟು ಗಂಟೆ ಮೂತ್ರ ಹೋಗದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಬಾಯಿ ಒಣಗಿರುವುದು, ಕಣ್ಣು ಅಥವಾ ಎಳೆಗೂಸಿನ ನೆತ್ತಿ ಗುಳಿಬಿದ್ದಿರುವುದು, ಕುಡಿಯಲಾರದಷ್ಟು ನಿಸ್ತೇಜವಾಗಿರುವುದು, ಮಲದಲ್ಲಿ ರಕ್ತ, ಹಸಿರು ವಾಂತಿ: ಇವುಗಳಲ್ಲಿ ಯಾವುದು ಕಂಡರೂ ಚಮಚದ ಉಪಚಾರ ಅಲ್ಲಿಗೆ ಮುಗಿಯಿತು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಇವಲ್ಲದೆ, ಎಬ್ಬಿಸಲು ಕಷ್ಟವಾಗುವಷ್ಟು ಮಂಪರು, ಕುತ್ತಿಗೆ ಬಿಗಿತ, ತುಟಿ ನೀಲಿಗಟ್ಟುವುದು, ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಮಾಸದ ಕೆಂಪು-ನೇರಳೆ ಚುಕ್ಕೆಗಳು ಕೂಡ ತುರ್ತಿನ ಲಕ್ಷಣಗಳು. ಜ್ವರ ಮೂರು ದಿನ ದಾಟಿದರೆ, ಬಿಟ್ಟ ಜ್ವರ ಒಂದೆರಡು ದಿನದ ಬಳಿಕ ಮರಳಿ ಬಂದರೆ, ಕಿವಿನೋವಿನ ಅಳು ನಿಲ್ಲದಿದ್ದರೆ ಹಗಲಿನಲ್ಲೇ ಹೋಗಿ ತೋರಿಸಿ. ಹೋಗುವಾಗ ನೋಟ್‌ಬುಕ್ಕನ್ನೂ ಕೊಟ್ಟ ಔಷಧಿಯ ಬಾಟಲಿಗಳನ್ನೂ ಒಯ್ಯಿರಿ, “ನಿನ್ನೆಯಿಂದ ಏನೂ ಕುಡಿದಿಲ್ಲ” ಎಂಬ ಮಾತಿಗಿಂತ “ಬೆಳಗ್ಗೆ ಆರರಿಂದ 80 ಮಿ.ಲೀ. ಕುಡಿದಿದೆ, ಮೂತ್ರ ಒಂದು ಸಲ ಹೋಗಿದೆ” ಎಂಬ ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ.

ಮನೆಯ ಉಳಿದವರು

ರಾತ್ರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಇಬ್ಬರೂ ಇಡೀ ರಾತ್ರಿ ಅರೆನಿದ್ದೆಯಲ್ಲಿ ಕೂರುವುದು ಪ್ರೀತಿಯ ಲಕ್ಷಣವಾಗಿ ಕಂಡರೂ, ಎರಡನೇ ರಾತ್ರಿಯ ಹೊತ್ತಿಗೆ ಬಾಟಲಿಯ ಮೇಲಿನ ಅಕ್ಷರ ಓದಲಾಗದ ಇಬ್ಬರು ಉಳಿಯುತ್ತಾರೆ. ಒಬ್ಬರೇ ನೋಡಿಕೊಳ್ಳುವ ಮನೆಯಾದರೆ, ಹಗಲಿನಲ್ಲಿ ಎರಡು ಗಂಟೆ ಮಗುವಿನ ಹತ್ತಿರ ಕೂರಬಲ್ಲ ಒಬ್ಬರನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಸುಸ್ತಾದ ಮೇಲೆ ಕೇಳುವುದು ಇನ್ನೂ ಕಷ್ಟ. ಕೆಲಸಕ್ಕೆ ರಜೆ ಯಾರು ಹಾಕುವುದೆಂಬ ಮಾತನ್ನು ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಎತ್ತಿದರೆ ಜಗಳಕ್ಕೇ ಮುಗಿಯುತ್ತದೆ, ಹಿಂದಿನ ರಾತ್ರಿಯೇ ಇತ್ಯರ್ಥವಾಗಲಿ. ಮನೆಯ ಹಿರಿಯರು ತಮಗೆ ಗೊತ್ತಿರುವ ಮದ್ದನ್ನು ಹೇಳಿದಾಗ ಅದನ್ನು ತಳ್ಳಿಹಾಕಿ ಅವರ ಮನಸ್ಸು ನೋಯಿಸುವುದಕ್ಕಿಂತ, ಕುಡಿಸುವ ಅಥವಾ ಕಥೆ ಹೇಳಿ ಮಲಗಿಸುವ ಪಾಳಿಯನ್ನು ಅವರಿಗೆ ಒಪ್ಪಿಸುವುದು ಲೇಸು. ಹೊಟ್ಟೆಗೆ ಹೋಗುವುದೆಲ್ಲ ನೋಟ್‌ಬುಕ್ಕಿನಲ್ಲಿ ಬರಬೇಕು ಎಂಬ ಒಂದೇ ನಿಯಮ ಎಲ್ಲರಿಗೂ ಸಮನಾಗಿರಲಿ.

ಅಣ್ಣನೋ ಅಕ್ಕನೋ ಇದ್ದರೆ ಅವರಿಗೂ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಮೂಗು ಒರೆಸಿದ, ಡಯಾಪರ್ ಬದಲಿಸಿದ ಪ್ರತಿ ಸಲವೂ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯುವುದೇ ಮುಖ್ಯ ರಕ್ಷಣೆ; ವಾಂತಿ-ಭೇದಿ ತರುವ ನೊರೊವೈರಸ್ಸಿನ ಮೇಲೆ ಸ್ಯಾನಿಟೈಜರ್ ಅಷ್ಟಾಗಿ ನಡೆಯುವುದಿಲ್ಲ, ಸೋಪು-ನೀರೇ ಬೇಕು. ಎಲ್ಲರ ಗಮನವೂ ಕಾಯಿಲೆಯ ಮಗುವಿನ ಕಡೆಗಿದ್ದಾಗ ಇನ್ನೊಂದು ಮಗು ತನಗೂ ಹೊಟ್ಟೆನೋವು ಎನ್ನುವುದುಂಟು. ಬೈಯದೆ ಹತ್ತು ನಿಮಿಷ ಅದರ ಜೊತೆ ಕುಳಿತರೆ ಆ ನೋವು ಎಷ್ಟೋ ಸಲ ಅಲ್ಲೇ ವಾಸಿಯಾಗುತ್ತದೆ.

ಔಷಧಿ ಕುಡಿಸುವಾಗ ಮಗುವನ್ನು ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಭಾಗಕ್ಕೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ. ನೇರ ಗಂಟಲಿಗೆ ಹಾಕಿದರೆ ಕೆಮ್ಮಿ ಉಗುಳುತ್ತದೆ. ಮಿಠಾಯಿ ಎಂದು ಹೇಳಿ ಕುಡಿಸಬೇಡಿ, ಮುಂದೊಂದು ದಿನ ತಾನಾಗಿ ಬಾಟಲಿ ತೆರೆದು ಕುಡಿದೀತು. ಪೂರ್ತಿ ಹಾಲಿನ ಬಾಟಲಿಗೆ ಬೆರೆಸುವುದೂ ಬೇಡ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧಿ ಹೋಯಿತೆಂದು ಹೇಳಲಾಗದು.

ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ, ಮಗು ಎಂದಿನಂತೆ ಆಡುತ್ತಿದ್ದರೆ, ಶಾಲೆಗೋ ಶಿಶುವಿಹಾರಕ್ಕೋ ಕಳಿಸಬಹುದು; ವಾಂತಿ-ಭೇದಿಯಾಗಿದ್ದರೆ ನಿಂತ ಮೇಲೆ 48 ಗಂಟೆ ಕಾಯುವುದು ಕ್ಷೇಮ. ಹಸಿವು ಮರಳಲು ಇನ್ನೂ ಕೆಲವು ದಿನ ಬೇಕಾಗಬಹುದು. ಬಿಟ್ಟುಹೋಗಿದ್ದ ರಾತ್ರಿ ಹಾಸಿಗೆ ಒದ್ದೆ ಮಾಡುವ ಅಭ್ಯಾಸ, ಎತ್ತಿಕೊಂಡೇ ಇರಬೇಕೆಂಬ ಹಟ ಮರುಕಳಿಸಿದರೆ ವಾರದಲ್ಲಿ ಸರಿಹೋಗುತ್ತದೆ. ಕಾಯಿಲೆಯಲ್ಲಿ ಸಮಾಧಾನಕ್ಕೆಂದು ಕೊಟ್ಟ ಮೊಬೈಲನ್ನು ಮಾತ್ರ ಗುಣವಾದ ದಿನವೇ ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಮೂರು ವಾರಕ್ಕೆ ಮತ್ತೆ ನೆಗಡಿ ಬಂದಾಗ ಮಗುವಿನ ಶಕ್ತಿಯೇ ಕುಗ್ಗಿದೆಯೆಂದು ಹೆದರಿ ಟಾನಿಕ್ಕುಗಳನ್ನು ಕೊಳ್ಳುವವರೇ ಹೆಚ್ಚು. ನಡುವಿನ ದಿನಗಳಲ್ಲಿ ಮಗು ಉಂಡು ಆಡಿಕೊಂಡು ತೂಕ ಪಡೆಯುತ್ತಿದ್ದರೆ ಅವುಗಳ ಅಗತ್ಯವಿಲ್ಲ. ತೂಕ ಏರುವುದು ನಿಂತಿದ್ದರೆ, ನ್ಯುಮೋನಿಯಾ ಮತ್ತೆ ಮತ್ತೆ ಬರುತ್ತಿದ್ದರೆ, ಪ್ರತಿ ನೆಗಡಿಯಲ್ಲೂ ಉಬ್ಬಸದ ಸದ್ದು ಕೇಳುತ್ತಿದ್ದರೆ, ಮಗು ಚೆನ್ನಾಗಿರುವ ದಿನವೊಂದನ್ನು ನೋಡಿ, ಅದನ್ನೇ ಕೇಳಲೆಂದು ಮಕ್ಕಳ ವೈದ್ಯರ ಬಳಿಗೆ ಹೋಗಿ.